ಹೆಡ್ಡಿಂಗಿನಲ್ಲಿ ಬೆಳ್ಳಿ, ಪೆಟ್ಟಿಗೆಯಲ್ಲಿ ಬಿದ್ರಿ

ಕಳೆದ ಡಿಸೆಂಬರಿನಲ್ಲಿ ನಮ್ಮ ಮಾಮುವಿನ ಅಂಗಡಿಗೆ ಒಂದು ಪಾರ್ಸೆಲ್ ವಾಪಸು ಬಂತು. ಮಾಮು ಎಂದರೆ ಅಮ್ಮಿಯ ಅಣ್ಣ. ಬೀದರಿನ ಹಳೆ ಊರಿನಲ್ಲಿ ಬಿದ್ರಿ ಕೆಲಸ ಮಾಡುತ್ತಾರೆ, ಅವರ ತಂದೆಯೂ ಅದನ್ನೇ ಮಾಡುತ್ತಿದ್ದರು. ಪೆಟ್ಟಿಗೆ ಬಿಚ್ಚಿದರೆ ಒಳಗೆ ನಾವೇ ಕಳಿಸಿದ್ದ ಹೂದಾನಿ, ಜೊತೆಗೆ ಒಂದು ಚೀಟಿ. "ಬೆಳ್ಳಿ ಎಂದು ಹೇಳಿ ಕಪ್ಪು ತಗಡು ಕಳಿಸಿದ್ದೀರಿ" ಎಂದು ಕನ್ನಡದಲ್ಲಿ ಬರೆದಿತ್ತು. ಮಾಮುವಿಗೆ ಕನ್ನಡ ಮಾತಾಡಲು ಬರುತ್ತದೆ, ಓದುವುದು ನಿಧಾನ. ನಾನೇ ಓದಿ ಹೇಳಬೇಕಾಯಿತು. ಓದುವಾಗ ನನಗೇ ನಾಚಿಕೆಯಾಯಿತು.

ಮಾಮು ಯಾರಿಗೂ ಅದು ಬೆಳ್ಳಿ ಎಂದು ಹೇಳಿದವರಲ್ಲ. ಅಂಗಡಿಗೆ ಬಂದವರಿಗೆ ಮೊದಲು ಹೇಳುವುದೇ, ಇದು ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಮೇಲೆ ಕೆತ್ತಿದ ಗೆರೆಯೊಳಗೆ ಕೂರಿಸಿರುವುದು ಮಾತ್ರ ಬೆಳ್ಳಿಯ ತಂತಿ ಎಂದು. ಕಡೆಗೆ ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದನ್ನು ಅವರು ದಿನಕ್ಕೆ ಹತ್ತು ಸಲ ಹೇಳಿದ್ದನ್ನು ನಾನು ಕೇಳಿದ್ದೇನೆ. ಹಾಗಾದರೆ "ಬೆಳ್ಳಿ ಎಂದು ಹೇಳಿದ್ದು" ಯಾರು?

ಹೇಳಿದ್ದು ವೆಬ್ ಪುಟದ ಹೆಡ್ಡಿಂಗು. ಎರಡು ವರ್ಷದ ಹಿಂದೆ ಒಬ್ಬರಿಗೆ ದುಡ್ಡು ಕೊಟ್ಟು ಅಂಗಡಿಗೆ ಒಂದು ಪುಟ ಮಾಡಿಸಿದ್ದರು. "ಗೂಗಲ್‌ನಲ್ಲಿ ಮೇಲೆ ಬರಬೇಕಾದರೆ ಹೆಡ್ಡಿಂಗಿನಲ್ಲಿ ಕೀವರ್ಡ್ ಇರಬೇಕು" ಎಂದು ಅವರು ಹೇಳಿದ್ದರಂತೆ. ಆ ಮಾತು ತಪ್ಪಲ್ಲ. ಆದರೆ ಅವರು ಬರೆದ ಹೆಡ್ಡಿಂಗನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಬಿದ್ರಿ ಬಿದ್ರಿವೇರ್ ಬೀದರ್ ಬಿದ್ರಿ ಶುದ್ಧ ಬೆಳ್ಳಿ ಉಡುಗೊರೆ ಬೆಳ್ಳಿ ಹೂದಾನಿ ಕಡಿಮೆ ಬೆಲೆ." ಇಡೀ ಪುಟದಲ್ಲಿ ಇದೇ ಸಾಲು ಸ್ವಲ್ಪ ಸ್ವಲ್ಪ ಬದಲಾಗಿ ಐದು ಕಡೆ ಇತ್ತು. ಬಿದ್ರಿ ಎಂದು ಹುಡುಕುವವರಿಗಿಂತ ಬೆಳ್ಳಿ ಉಡುಗೊರೆ ಎಂದು ಹುಡುಕುವವರು ಹೆಚ್ಚು, ಆದ್ದರಿಂದ ಬೆಳ್ಳಿ ಎಂದು ಸೇರಿಸಿದ್ದು ಎಂದು ಫೋನಿನಲ್ಲಿ ಕೇಳಿದಾಗ ಆ ಮನುಷ್ಯ ಆರಾಮವಾಗಿ ಹೇಳಿದರು. ಮಾಮು ಎರಡು ವರ್ಷ ಆ ಹೆಡ್ಡಿಂಗನ್ನು ಓದಿಯೇ ಇರಲಿಲ್ಲ. ನಾನೂ ಓದಿರಲಿಲ್ಲ, ಓದಬಹುದಾಗಿತ್ತು.

ಈ ಲೇಖನ ಬರೆಯುತ್ತಿರುವುದು ಅದಕ್ಕೇ. ನಮ್ಮ ಕಾಲೇಜಿನಲ್ಲೇ ಎಷ್ಟು ಜನ ಮನೆಯವರ ವ್ಯಾಪಾರಕ್ಕೆ ಪುಟ ಮಾಡಿಕೊಡುತ್ತಿದ್ದೀರಿ ನನಗೆ ಗೊತ್ತು. ಅಕ್ಕನ ಮೆಹಂದಿ, ಅಮ್ಮಿಯ ಕೇಕು, ಅಬ್ಬಾನ ಟೈರ್ ಅಂಗಡಿ. ಪಿಯುಸಿ ಮುಗಿದ ಮೇಲೆ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಮಾಡುತ್ತೇವೆ ಎನ್ನುವವರು ನಮ್ಮ ಸೆಕ್ಷನ್ನಿನಲ್ಲೇ ಏಳೆಂಟು ಜನ ಇದ್ದಾರೆ. ಎಲ್ಲರ ಬಾಯಲ್ಲೂ ಎಸ್‌ಇಓ. ಹೆಡ್ಡಿಂಗಿನಲ್ಲಿ ಕೀವರ್ಡ್ ಹಾಕಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಯಾವ ಪದ ಹಾಕಬೇಕು, ಅದನ್ನು ಯಾರಿಂದ ಕಲಿಯಬೇಕು ಎಂಬುದರಲ್ಲಿ ನನ್ನ ತಕರಾರಿದೆ.

ಮೊದಲು, ಹೆಡ್ಡಿಂಗಿಗೆ ಯಾಕಿಷ್ಟು ಬೆಲೆ ಎಂಬುದು. ಕಾಮರ್ಸ್‌ನವರಿಗೆ ಅಕೌಂಟೆನ್ಸಿಯಿಂದಲೇ ಹೇಳುತ್ತೇನೆ. ಜರ್ನಲ್ಲಿನಲ್ಲಿ ವ್ಯವಹಾರಗಳು ತಾರೀಕಿನ ಪ್ರಕಾರ ಸಾಲಾಗಿ ಇರುತ್ತವೆ. ರಹೀಮನ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದರೆ ಜರ್ನಲ್ ಪೂರ್ತಿ ತಿರುವಿಹಾಕಬೇಕು. ಅದಕ್ಕೇ ಲೆಡ್ಜರ್ ಮಾಡುತ್ತೇವೆ; ರಹೀಮನಿಗೆ ಒಂದು ಖಾತೆ, ಅವನ ಎಲ್ಲ ನಮೂದುಗಳೂ ಅಲ್ಲಿಗೆ, ಪುಟದ ಸಂಖ್ಯೆ ಸಮೇತ. ಸರ್ಚ್ ಎಂಜಿನ್ ಮಾಡುವುದೂ ಇದನ್ನೇ. ಅದರ ಯಂತ್ರ ವೆಬ್ ಪುಟಗಳನ್ನು ಒಂದೊಂದಾಗಿ ಓದುತ್ತದೆ, ಅಂದರೆ ಜರ್ನಲ್ ಓದಿದ ಹಾಗೆ. ಆಮೇಲೆ ಪದದ ಪ್ರಕಾರ ಪೋಸ್ಟಿಂಗ್ ಮಾಡುತ್ತದೆ. "ಹೂದಾನಿ" ಎಂಬ ಪದಕ್ಕೆ ಒಂದು ಖಾತೆ, ಆ ಪದ ಇರುವ ಪುಟಗಳೆಲ್ಲ ಅದರ ಕೆಳಗೆ. ನಾವು ಹುಡುಕಿದಾಗ ಅದು ಇಡೀ ಜಗತ್ತನ್ನು ಹುಡುಕುವುದಿಲ್ಲ, ತಾನು ಮೊದಲೇ ಬರೆದಿಟ್ಟ ಲೆಡ್ಜರನ್ನು ತೆರೆಯುತ್ತದೆ.

ಪುಟದ ಎಲ್ಲ ಪದಗಳಿಗೂ ಒಂದೇ ತೂಕ ಇರುವುದಿಲ್ಲ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಎಚ್1ರಿಂದ ಎಚ್6ರವರೆಗೆ ಆರು ಮಟ್ಟದ ಹೆಡ್ಡಿಂಗುಗಳಿವೆ. ಎಚ್1 ಪುಸ್ತಕದ ಹೆಸರಿದ್ದಂತೆ, ಎಚ್2 ಅಧ್ಯಾಯ, ಎಚ್3 ಅದರ ಒಳಗಿನ ಭಾಗ. ಅಕ್ಷರವನ್ನು ದಪ್ಪ ಮಾಡಿ ದೊಡ್ಡದು ಮಾಡಿದರೆ ಹೆಡ್ಡಿಂಗ್ ಆಗುವುದಿಲ್ಲ. ಇದು ಹೆಡ್ಡಿಂಗ್ ಎಂದು ಗುರುತು ಹಾಕಬೇಕು. (ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಹೀಗೆಯೇ. ವರ್ಡ್‌ನಲ್ಲಿ ಬೋಲ್ಡ್ ಒತ್ತುವ ಬದಲು ಹೆಡ್ಡಿಂಗ್ ಸ್ಟೈಲ್ ಕೊಟ್ಟರೆ ಪರಿವಿಡಿ ತಾನಾಗಿಯೇ ಬರುತ್ತದೆ. ಇಬ್ಬರು ಮೂವರಿಗೆ ಹೇಳಿದೆ, ಯಾರೂ ಕೇಳಲಿಲ್ಲ.) ಇದರ ಜೊತೆಗೆ ಟೈಟಲ್ ಎಂದು ಇನ್ನೊಂದಿದೆ. ಹುಡುಕಿದಾಗ ಪಟ್ಟಿಯಲ್ಲಿ ಸಾಮಾನ್ಯವಾಗಿ ನೀಲಿ ಅಕ್ಷರದಲ್ಲಿ ಕಾಣುವುದು ಅದು. 2021ರ ಆಗಸ್ಟ್‌ನಿಂದ ಗೂಗಲ್ ಈ ಟೈಟಲ್ ತನಗೆ ಸರಿ ಕಾಣದಿದ್ದರೆ ಪುಟದೊಳಗಿನ ಮುಖ್ಯ ಹೆಡ್ಡಿಂಗನ್ನೇ ಎತ್ತಿ ತೋರಿಸುವುದು ಹೆಚ್ಚಾಗಿದೆ. ಅಂದರೆ ಪುಟದೊಳಗೆ ಬರೆದ ಹೆಡ್ಡಿಂಗು ಅಂಗಡಿಯ ಒಳಗಿನ ಬೋರ್ಡು ಮಾತ್ರವಲ್ಲ, ರಸ್ತೆಗೆ ಕಾಣುವ ಬೋರ್ಡೂ ಆಗಬಹುದು.

ಈ ಬೆಲೆ ಗೊತ್ತಾದ ಕೂಡಲೇ ಜನ ತುರುಕಲು ಶುರು ಮಾಡಿದರು. ಮೊದಮೊದಲು ಪುಟದ ಒಳಗೆ ಕಾಣದಂತೆ ಕೀವರ್ಡ್ ಪಟ್ಟಿ ಬರೆಯುವ ಒಂದು ಜಾಗವೇ ಇತ್ತು. ಅದನ್ನು ಎಷ್ಟು ಕೆಡಿಸಿದರೆಂದರೆ, ಹುಡುಕಾಟದ ಫಲಿತಾಂಶಕ್ಕೆ ಆ ಪಟ್ಟಿಯನ್ನು ನಾವು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲಿ ಬಹಿರಂಗವಾಗಿ ಹೇಳಿತು. ಈಗಲೂ ನಮ್ಮಲ್ಲಿ ಕೆಲವರು ಅದನ್ನು ತುಂಬಿಸಿ ದುಡ್ಡು ತೆಗೆದುಕೊಳ್ಳುತ್ತಾರೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಿಂದ ಕೀವರ್ಡ್ ಬರೆಯುವ ಜಾಣರೂ ಇದ್ದರು.

ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. 2006ರ ಫೆಬ್ರವರಿಯಲ್ಲಿ ಗೂಗಲ್ ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ವೆಬ್‌ಸೈಟನ್ನೇ ತನ್ನ ಪಟ್ಟಿಯಿಂದ ತೆಗೆದುಹಾಕಿತು. ಯಂತ್ರ ಓದಲು ಬಂದಾಗ ಒಂದು ಪುಟ, ಅದರಲ್ಲಿ ಬಳಸಿದ ಕಾರು ಎಂಬ ಅರ್ಥದ ಜರ್ಮನ್ ಪದ ಮತ್ತೆ ಮತ್ತೆ. ಮನುಷ್ಯ ಅದೇ ವಿಳಾಸಕ್ಕೆ ಹೋದರೆ ತಕ್ಷಣ ಬೇರೆ ಪುಟಕ್ಕೆ ದಾಟಿಸುತ್ತಿದ್ದರು. ಆ ಪುಟಗಳನ್ನು ಕಂಪನಿ ಕಿತ್ತುಹಾಕಿದ ಮೇಲೆ ಕೆಲವೇ ದಿನಗಳಲ್ಲಿ ವಾಪಸು ಸೇರಿಸಿಕೊಂಡರು. ಅದು ದೊಡ್ಡ ಕಂಪನಿ, ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಬೇಗ ಸರಿಹೋಯಿತು. ನಮ್ಮ ಮಾಮುವಿನಂಥವರ ಪುಟ ಕೆಳಗೆ ಹೋದರೆ ಹೋಯಿತು ಎಂದು ಅವರಿಗೆ ಗೊತ್ತೂ ಆಗುವುದಿಲ್ಲ.

ಈ ವಿಷಯ ಹೇಳಿದಾಗ ನನ್ನ ಗೆಳೆಯನೊಬ್ಬ ನಕ್ಕ. "ಎಲ್ಲರೂ ತುರುಕುತ್ತಾರೆ, ನೀನೊಬ್ಬ ತುರುಕದಿದ್ದರೆ ನಿನ್ನ ಮಾಮುವಿಗೇ ನಷ್ಟ" ಎಂದ. ಅವನ ಮಾತಿನಲ್ಲಿ ಸ್ವಲ್ಪ ನಿಜ ಇದೆ. ನಾವು ಎಷ್ಟೇ ಒಳ್ಳೆಯ ಹೆಡ್ಡಿಂಗ್ ಬರೆದರೂ ದೊಡ್ಡ ಮಾರಾಟ ತಾಣಗಳು ನಮ್ಮ ಮೇಲೆಯೇ ಬರುತ್ತವೆ. ಅವುಗಳ ಕಡೆಗೆ ಬೇರೆ ಪುಟಗಳಿಂದ ಸಾವಿರಾರು ಲಿಂಕುಗಳಿವೆ, ನಮ್ಮ ಕಡೆಗೆ ಮೂರು. ಹೆಡ್ಡಿಂಗು ಸರ್ಚ್ ಎಂಜಿನ್ ನೋಡುವ ಅನೇಕ ಸುಳಿವುಗಳಲ್ಲಿ ಒಂದು, ಅಷ್ಟೇ. ಆದರೆ ಅವನು ಒಂದು ಲೆಕ್ಕ ಬಿಟ್ಟಿದ್ದ. ವಾಪಸು ಬಂದ ಹೂದಾನಿಯ ಎರಡೂ ಕಡೆಯ ಕೊರಿಯರ್ ಖರ್ಚು ಮಾಮು ಕೊಟ್ಟರು. ದಾರಿಯಲ್ಲಿ ಬಿದ್ದು ಅಂಚಿನ ಒಂದು ಬೆಳ್ಳಿ ಎಸಳು ಎದ್ದಿತ್ತು, ಅದನ್ನು ಮತ್ತೆ ಕೂರಿಸಲು ಒಂದು ಬೆಳಿಗ್ಗೆ ಹೋಯಿತು. ಬೆಳ್ಳಿ ಎಂದು ಹುಡುಕಿ ಬಂದ ಆ ಗಿರಾಕಿ ಒಂದು ವೇಳೆ ಬಿದ್ರಿ ಏನೆಂದು ತಿಳಿದು ಬಂದಿದ್ದರೆ ಇಟ್ಟುಕೊಳ್ಳುತ್ತಿದ್ದರೋ ಏನೋ. ಈಗ ಅವರ ಪಾಲಿಗೆ ಬಿದ್ರಿ ಎಂದರೆ ಕಪ್ಪು ತಗಡು, ಮೋಸ.

ಕಾನೂನೂ ಇದೆ. ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಓದುವ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಜಾಹೀರಾತು ಎಂದರೆ ಏನು ಎಂಬ ವ್ಯಾಖ್ಯೆ ಓದಿ ನೋಡಿ, ಬೆಳಕು, ಶಬ್ದ, ಹೊಗೆ, ಅನಿಲದ ಮೂಲಕ ಮಾಡಿದ ಪ್ರಚಾರವನ್ನೂ ಬಿಟ್ಟಿಲ್ಲ. ಇಂಟರ್ನೆಟ್ಟು, ವೆಬ್‌ಸೈಟು ಎಂಬ ಪದಗಳೂ ಅಲ್ಲಿವೆ. ವಸ್ತುವನ್ನು ಸುಳ್ಳಾಗಿ ವರ್ಣಿಸಿದರೆ ಅದು ದಾರಿ ತಪ್ಪಿಸುವ ಜಾಹೀರಾತು, ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಹೂದಾನಿಯ ಒಬ್ಬ ಕುಶಲಕರ್ಮಿಯ ಮೇಲೆ ಯಾರೂ ಹಾಗೆ ಮಾಡಲಿಕ್ಕಿಲ್ಲ. ಆದರೂ ಹೆಡ್ಡಿಂಗ್ ಬರೆದವರು ಬೇರೆ, ಜವಾಬ್ದಾರಿ ಹೊರುವವರು ಬೇರೆ ಎಂಬುದು ಮಾಮುವಿಗೆ ನಾನು ಇದನ್ನು ಓದಿ ಹೇಳಿದಾಗಲೇ ಹೊಳೆದದ್ದು.

ಹಾಗಾಗಿ ಜನವರಿಯಲ್ಲಿ ನಾನೂ ಮಾಮುವೂ ಕೂತು ಹೆಡ್ಡಿಂಗುಗಳನ್ನು ಹೊಸದಾಗಿ ಬರೆಯಲು ಹೊರಟೆವು. ಮೊದಲ ದಿನವೇ ಜಗಳ. ಮಾಮುವಿಗೆ "ಮೂರು ತಲೆಮಾರಿನ ಹುನರ್" ಎಂದು ಬೇಕಿತ್ತು. ಕೇಳಲು ಚೆನ್ನಾಗಿದೆ, ನಿಜವೂ ಹೌದು. ಆದರೆ ಅದನ್ನು ಯಾರು ಟೈಪ್ ಮಾಡುತ್ತಾರೆ? ಪೇಪರಿನಲ್ಲಿ ಹೆಡ್ಡಿಂಗ್ ಹೇಗಿದ್ದರೂ ನಡೆಯುತ್ತದೆ, ಪಕ್ಕದಲ್ಲಿ ಫೋಟೋ ಇರುತ್ತದೆ, ಕೆಳಗೆ ಸುದ್ದಿ ಇರುತ್ತದೆ. ಹುಡುಕಾಟದ ಪಟ್ಟಿಯಲ್ಲಿ ಅದು ಒಂಟಿಯಾಗಿ ನಿಲ್ಲುತ್ತದೆ, ಕಂಬಳಿಯ ಅಂಗಡಿಯೂ ಆಗಬಹುದು, ಬಿರಿಯಾನಿಯದೂ ಆಗಬಹುದು. (ಈ ಲೇಖನದ ಹೆಡ್ಡಿಂಗೂ ನನ್ನ ನಿಯಮಕ್ಕೆ ಪೂರ್ತಿ ಹೊಂದುವುದಿಲ್ಲ. ಇದು ಮುದ್ರಣಕ್ಕೆ ಹೋಗುವುದರಿಂದ ಮಾಫಿ ಕೊಡಿ.) ಕೊನೆಗೆ ಮಾಮುವಿನ ಸಾಲನ್ನು ಹೆಡ್ಡಿಂಗಿನ ಕೆಳಗೆ ಮೊದಲ ವಾಕ್ಯವಾಗಿ ಇಟ್ಟೆವು.

ಕೀವರ್ಡ್ ಹುಡುಕಲು ಸಾಫ್ಟ್‌ವೇರ್ ಬೇಕು ಎನ್ನುತ್ತಾರೆ. ಗೂಗಲ್ ಟ್ರೆಂಡ್ಸ್ ಪುಕ್ಕಟೆ ಸಿಗುತ್ತದೆ, ನೋಡಿದೆ. ಆದರೆ ನನಗೆ ಹೆಚ್ಚು ಸಿಕ್ಕಿದ್ದು ಅಂಗಡಿಯ ಫೋನಿನಿಂದ. ಒಂದು ತಿಂಗಳು, ಕಾಲೇಜು ಮುಗಿಸಿ ಹೋಗಿ, ಫೋನಿನಲ್ಲಿ ಜನ ಕೇಳುವುದನ್ನು ಅವರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಬಿದ್ರಿವೇರ್" ಎಂದು ಕೇಳುವವರು ಕಡಿಮೆ. "ಬೀದರಿನ ಆ ಕಪ್ಪು ಸಾಮಾನು", "ಕಪ್ಪು ಹೂದಾನಿ, ಬೆಳ್ಳಿ ಗೆರೆ ಇರುತ್ತದಲ್ಲ", "ರಿಟೈರ್‌ಮೆಂಟಿಗೆ ಕೊಡುವ ಮೊಮೆಂಟೋ", "ಮದುವೆಗೆ ಉಡುಗೊರೆ, ಸಾವಿರದ ಒಳಗೆ". 2023ರಲ್ಲಿ ನಮ್ಮ ಊರಿನ ಶಾ ರಶೀದ್ ಅಹ್ಮದ್ ಕಾದ್ರಿ ಅವರಿಗೆ ಪದ್ಮಶ್ರೀ ಬಂದದ್ದನ್ನು ನೆನಪಿಟ್ಟುಕೊಂಡು "ಪದ್ಮಶ್ರೀ ಬಂತಲ್ಲ, ಆ ಕೆಲಸ" ಎನ್ನುವವರೂ ಇದ್ದರು. ಪದ್ಮಶ್ರೀ ಎಂಬ ಪದ ಹೆಡ್ಡಿಂಗಿಗೆ ಹಾಕಿದರೆ ಜನ ಬರುತ್ತಿದ್ದರೇನೋ. ಅದು ಅವರಿಗೆ ಬಂದದ್ದು, ನಮಗಲ್ಲ. ಹಾಕಲಿಲ್ಲ.

ಇನ್ನು ಪ್ರಶ್ನೆಗಳು. "ಕಪ್ಪು ಹೋಗುತ್ತದಾ?" "ನೀರು ಹಾಕಬಹುದಾ?" "ಹೇಗೆ ತೊಳೆಯುವುದು?" ಇವನ್ನು ಹಾಗೆಯೇ ಎಚ್2 ಮಾಡಿದೆ. "ಬಿದ್ರಿಯ ಕಪ್ಪು ಬಣ್ಣ ಹೋಗುತ್ತದೆಯೇ?" ಎಂಬ ಹೆಡ್ಡಿಂಗಿನ ಕೆಳಗೆ ಮಾಮುವಿನ ಉತ್ತರ: ಒಣ ಬಟ್ಟೆಯಿಂದ ಒರೆಸಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಕಪ್ಪು ಮಂಕಾದರೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ. ಇಲ್ಲಿ ಕೀವರ್ಡನ್ನು ಯಾರೂ ತುರುಕಿಲ್ಲ, ಕೇಳಿದವರೇ ತಂದುಕೊಟ್ಟಿದ್ದಾರೆ. ಬೆಳ್ಳಿ ಎಂಬ ಪದವೂ ಹೋಗಿಲ್ಲ, "ಬೆಳ್ಳಿ ತಂತಿ ಕೂರಿಸಿದ ಕಪ್ಪು ಹೂದಾನಿ" ಎಂದು ತನ್ನ ಜಾಗದಲ್ಲಿದೆ.

ಕನ್ನಡದಲ್ಲಿ ಹೆಡ್ಡಿಂಗ್ ಬರೆಯುವಾಗ ಇನ್ನೊಂದು ತೊಡಕು. ಮನೆಯಲ್ಲಿ ನಾವು "ಬಿದ್ರಿ" ಎನ್ನುತ್ತೇವೆ. ನಮ್ಮ ಕನ್ನಡ ಮೇಡಂ "ಬಿದರಿ" ಎಂದು ತಿದ್ದುತ್ತಾರೆ. ಊರು ಒಂದು ಕಡೆ ಬೀದರ್, ಇನ್ನೊಂದು ಕಡೆ ಬೀದರ. ಬೇರೆ ಬೇರೆ ರೀತಿ ಬರೆದು ಹುಡುಕಿ ನೋಡಿದೆ, ಎಲ್ಲಕ್ಕೂ ಒಂದೇ ಫಲಿತಾಂಶ ಬರಲಿಲ್ಲ. ನನ್ನ ಗೆಳೆಯರಲ್ಲಿ ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಕುತ್ತಾರೆ, ಅದು ಬೇರೆಯೇ ಕಥೆ. ಮೇಲಾಗಿ ಕನ್ನಡದ ಪದ ಸುಮ್ಮನೆ ನಿಲ್ಲುವುದಿಲ್ಲ: ಬೀದರಿನ, ಬೀದರಿನಲ್ಲಿ, ಬೀದರಿಗೆ. ಇಂಗ್ಲಿಷ್ ಎಸ್‌ಇಓ ಪಾಠ ಕೇಳಿ ಬಂದವರು ಕೀವರ್ಡ್ ಇದ್ದ ಹಾಗೇ ಇರಬೇಕೆಂದು "ಬಿದ್ರಿ ಹೂದಾನಿ ಬೆಲೆ ಬೀದರ್" ಎಂದು ಬರೆಯುತ್ತಾರೆ. ಹಾಗೆ ಯಾರು ಮಾತಾಡುತ್ತಾರೆ? "ಬೀದರಿನ ಬಿದ್ರಿ ಹೂದಾನಿಗಳು ಮತ್ತು ಅವುಗಳ ಬೆಲೆ" ಎಂದು ಬರೆದೆವು. ಹೆಡ್ಡಿಂಗಿನಲ್ಲಿ ಬಿದ್ರಿ, ಕೆಳಗಿನ ವಾಕ್ಯದಲ್ಲಿ ಒಂದು ಸಲ ಬಿದರಿ. ಮೇಡಂಗೂ ಸಮಾಧಾನ. ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂದಾಗ ಪೇಟೆಯಲ್ಲಿ ಬೋರ್ಡುಗಳು ಬದಲಾದವು. ವೆಬ್ ಪುಟಕ್ಕೆ ಅಂಥ ಕಾನೂನು ಇಲ್ಲ, ಅಲ್ಲಿ ಬೀದರಿನ ಅಂಗಡಿಗಳಿಗೆ ಕನ್ನಡ ಹೆಡ್ಡಿಂಗೇ ಅಪರೂಪ. ಉರ್ದು ಮನೆಯ ನಾನು ಇದನ್ನು ಹೇಳಿದರೆ ಕೆಲವರಿಗೆ ವಿಚಿತ್ರ ಅನಿಸಬಹುದು. ಆದರೆ ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಹುಡುಕುವ ಗಿರಾಕಿ ಕನ್ನಡದಲ್ಲೇ ಹುಡುಕುತ್ತಾರೆ. ಮಾಮುವಿಗೆ ಬಂದ ಆ ಚೀಟಿಯೂ ಕನ್ನಡದಲ್ಲೇ ಇತ್ತಲ್ಲ.

ಹಳೆಯ ಪುಟದಲ್ಲಿ ಒಂದೇ ಒಂದು ಕನ್ನಡ ಹೆಡ್ಡಿಂಗ್ ಇತ್ತು, ಅದೂ ಚಿತ್ರವಾಗಿ. ಡಿಟಿಪಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಫೋಟೋ ಮಾಡಿ ಅಂಟಿಸಿದ್ದರು. ಕಣ್ಣಿಗೆ ಅಕ್ಷರ, ಯಂತ್ರಕ್ಕೆ ಬರೀ ಬಣ್ಣದ ಚುಕ್ಕಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಮಾತ್ರ ಅದು ಲೆಡ್ಜರಿಗೆ ಪೋಸ್ಟ್ ಆಗುತ್ತದೆ ಎಂದು ನಂಬಬಹುದು. ನಮ್ಮ ಕಾಲೇಜಿನ ನೋಟಿಸುಗಳನ್ನೂ ಹೀಗೇ ಫೋಟೋ ಮಾಡಿ, "ಪ್ರಕಟಣೆ" ಎಂಬ ಹೆಡ್ಡಿಂಗಿನಲ್ಲಿ ಹಾಕುತ್ತಾರೆ. ಸ್ಕಾಲರ್‌ಶಿಪ್ ನೋಟಿಸೂ "ಪ್ರಕಟಣೆ", ರಜೆಯದೂ "ಪ್ರಕಟಣೆ". ಸ್ಕಾಲರ್‌ಶಿಪ್ ಕೊನೆಯ ದಿನಾಂಕ ಎಂದು ಹುಡುಕಿದ ಹುಡುಗಿಗೆ ಅದು ಸಿಗುವುದಿಲ್ಲ. ಅದೇ ಪದಗಳನ್ನು ಹೆಡ್ಡಿಂಗಿನಲ್ಲಿ ಹತ್ತು ಸಲ ತುಂಬಿ ಒಳಗೆ ಏನೂ ಇಲ್ಲದ ಯಾವುದೋ ಪುಟ ಸಿಗುತ್ತದೆ. ಇದನ್ನು ಪ್ರಿನ್ಸಿಪಾಲ್ ಸರ್ ಓದುತ್ತಾರೆ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. "ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನಾಂಕ, ಬೇಕಾದ ದಾಖಲೆಗಳು" ಎಂದು ಟೈಪ್ ಮಾಡಿ ಹಾಕಿದರೆ ಸಾಕು, ಖರ್ಚು ಏನೂ ಇಲ್ಲ.

ಹೆಡ್ಡಿಂಗು ಬರೀ ಗೂಗಲ್‌ಗಾಗಿ ಅಲ್ಲ ಎಂದು ನನಗೆ ಗೊತ್ತಾದದ್ದು ಕಂಪ್ಯೂಟರ್ ಲ್ಯಾಬಿನಲ್ಲಿ. ಎನ್‌ವಿಡಿಎ ಎಂದು ಒಂದು ಉಚಿತ ಸಾಫ್ಟ್‌ವೇರ್ ಇದೆ, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುತ್ತದೆ. ಕೀಬೋರ್ಡಿನಲ್ಲಿ ಎಚ್ ಒತ್ತಿದರೆ ಮುಂದಿನ ಹೆಡ್ಡಿಂಗಿಗೆ ಹಾರುತ್ತದೆ, 2 ಒತ್ತಿದರೆ ಮುಂದಿನ ಎಚ್2ಗೆ. ನಾವು ಕಣ್ಣಾಡಿಸುವ ಹಾಗೆ ಅವರು ಹೆಡ್ಡಿಂಗುಗಳ ಮೇಲೆ ಕಿವಿಯಾಡಿಸುತ್ತಾರೆ. ಮಾಮುವಿನ ಹಳೆಯ ಪುಟವನ್ನು ತೆರೆದು, ಕಣ್ಣು ಮುಚ್ಚಿ ಎಚ್ ಒತ್ತಿದೆ. ಬಿದ್ರಿ ಬಿದ್ರಿವೇರ್ ಬೀದರ್ ಬಿದ್ರಿ ಶುದ್ಧ ಬೆಳ್ಳಿ. ಮತ್ತೆ ಒತ್ತಿದೆ. ಬಿದ್ರಿ ಬಿದ್ರಿವೇರ್ ಬೀದರ್. ಐದು ಸಲವೂ ಅದೇ. ಬೆಲೆ ಎಲ್ಲಿದೆ, ವಿಳಾಸ ಎಲ್ಲಿದೆ, ಯಾವುದಕ್ಕೂ ದಾರಿ ಇಲ್ಲ. ಪಕ್ಕದಲ್ಲಿ ಕೂತ ಹುಡುಗರು ನಕ್ಕರು, ನನಗೂ ನಗು ಬಂತು, ಆಮೇಲೆ ಬರಲಿಲ್ಲ.

ಹೊಸ ಪುಟ ಹಾಕಿ ಎರಡು ತಿಂಗಳಾಯಿತು. ಕರೆಗಳು ದುಪ್ಪಟ್ಟಾದವು ಎಂದು ಬರೆಯಲು ನನಗೂ ಇಷ್ಟ, ಹಾಗೇನೂ ಆಗಿಲ್ಲ. ಹೆಚ್ಚುಕಡಿಮೆ ಮೊದಲಿನಷ್ಟೇ ಬರುತ್ತಿವೆ. ಬೆಳ್ಳಿ ಎಂದು ಕೇಳಿ ಫೋನ್ ಇಡುವವರು ಇಲ್ಲವಾಗಿದ್ದಾರೆ, ಪಾರ್ಸೆಲ್ ಒಂದೂ ವಾಪಸು ಬಂದಿಲ್ಲ. ಎಣ್ಣೆ ಹಚ್ಚುವುದು ಹೇಗೆ ಎಂದು ಕೇಳಿ, ಮಾತಾಡುತ್ತಾ ಒಂದು ತಟ್ಟೆ ತರಿಸಿಕೊಂಡವರು ಇಬ್ಬರು.

ಮೊನ್ನೆ ಮಾಮು ಅವರೇ ಒಂದು ಪದ ತಂದರು. ಎಲ್ಲರ ಪುಟದಲ್ಲೂ "ಹ್ಯಾಂಡ್‌ಮೇಡ್" ಎಂದು ಇದೆ, ನಮ್ಮ ಹೆಡ್ಡಿಂಗಿನಲ್ಲಿ ಯಾಕಿಲ್ಲ ಎಂದು ಕೇಳಿದರು. ಹಾಕೋಣ ಎಂದೆ. ಸ್ವಲ್ಪ ಹೊತ್ತು ಕೈಯಲ್ಲಿದ್ದ ಉಳಿಯನ್ನು ತಿರುಗಿಸುತ್ತಾ ಕೂತು, "ಎರಕ ಬೇರೆಯವರದು, ಪಾಲಿಶ್ ಕರೆಂಟ್ ಚಕ್ರದ್ದು" ಎಂದರು. ಅರ್ಧ ಗಂಟೆ ಚರ್ಚೆ ಆಯಿತು. ಅಮ್ಮಿ ಚಹಾ ತಂದು ಇಟ್ಟು, ಇಬ್ಬರಿಗೂ ಬೇರೆ ಕೆಲಸ ಇಲ್ಲವಾ ಎಂದು ಹೋದರು. ಈಗ ಹೆಡ್ಡಿಂಗಿನಲ್ಲಿ "ಕೈಯಿಂದ ಕೆತ್ತಿದ" ಎಂದಿದೆ.